ರವಿಕೆ ಕಣದ ಮೇಲೆ ಮೊದಲ ಗೆರೆ

ಬಟ್ಟೆಗೆ ಮೊದಲ ಸಲ ಕತ್ತರಿ ಇಡುವವಳ ಕೈಯನ್ನು ನೋಡಬೇಕು. ಚಾಕಿನಲ್ಲಿ ಗೆರೆ ಎಳೆದಾಗಿರುತ್ತದೆ, ಟೇಪು ಹಿಡಿದು ಎರಡೆರಡು ಸಲ ಅಳೆದಾಗಿರುತ್ತದೆ, ಆದರೂ ಕತ್ತರಿಯ ಬಾಯಿ ಬಟ್ಟೆಯ ಅಂಚಿಗೆ ಬಂದು ನಿಂತುಬಿಡುತ್ತದೆ. ಎಳೆದ ಗೆರೆಯನ್ನು ಅಳಿಸಬಹುದು, ಹಾಕಿದ ಹೊಲಿಗೆಯನ್ನು ಬಿಚ್ಚಬಹುದು. ಕತ್ತರಿಸಿದ್ದನ್ನು ಮಾತ್ರ ಮೊದಲಿನಂತೆ ಮಾಡಲು ಬಾರದು. ಅದು ಅವಳಿಗೆ ಗೊತ್ತು. ಗೊತ್ತಿರುವುದರಿಂದಲೇ ಅಂಜುತ್ತಾಳೆ, ಅಂಜುವುದರಿಂದಲೇ ಅಷ್ಟು ದಿಟ್ಟಿಸಿ ನೋಡುತ್ತಾಳೆ. ಹೊಲಿಗೆಯ ಸೊಗಸನ್ನು ಪೂರ್ತಿಯಾಗಿ ಸವಿಯುವವರು ಈ ಹೊಸಬರೇ ಎಂದು ನಾನು ನಂಬಿದ್ದೇನೆ. ಪಳಗಿದ ಕೈ ಯಾವುದನ್ನು ಯೋಚಿಸದೆ ದಾಟಿಹೋಗುತ್ತದೋ ಅದರ ಮುಂದೆ ಅಂಜುವ ಕೈ ನಿಲ್ಲುತ್ತದೆ, ಮುಟ್ಟುತ್ತದೆ, ತಿಳಿದುಕೊಂಡು ಮುಂದೆ ಹೋಗುತ್ತದೆ.

ಯಲಹಂಕದಾಚೆಯ ಬಾಗಲೂರಿನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಜಾಲ ಹೋಬಳಿಯ ಈ ಊರು ನೂಲಿನ ಸೀಮೆಯ ನಡುವೆ ಇದೆ. ಈಶಾನ್ಯಕ್ಕೆ ಹೋದರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಅದರಾಚೆ ಶಿಡ್ಲಘಟ್ಟ. ಎರಡೂ ರೇಷ್ಮೆಯನ್ನೇ ನಂಬಿದ ಊರುಗಳು, ಗೂಡಿನಿಂದ ನೂಲು ಬಿಚ್ಚುವವರ ಊರುಗಳು. ವಾಯವ್ಯಕ್ಕೆ ದೊಡ್ಡಬಳ್ಳಾಪುರ, ಮಗ್ಗಗಳ ಸದ್ದಿನ ಊರು, ಸಿದ್ಧ ಉಡುಪುಗಳ ಅಪಾರೆಲ್ ಪಾರ್ಕ್ ಕೂಡ ಅಲ್ಲಿದೆ. ದಕ್ಷಿಣಕ್ಕೆ ಬೆಂಗಳೂರು, ಅದರ ಗಾರ್ಮೆಂಟ್ಸ್‌ಗಳು. ಆದರೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ನಡೆಯುವುದು ಲೈನಿನಲ್ಲಿ: ಒಬ್ಬಳಿಗೆ ಕಾಲರು, ಇನ್ನೊಬ್ಬಳಿಗೆ ಕಫ್, ಮತ್ತೊಬ್ಬಳಿಗೆ ಜೇಬು. ದಿನವಿಡೀ ಕಾಲರು ಕೂರಿಸುವ ಕೈಗೆ ಒಂದು ಇಡೀ ಷರ್ಟು ಸಿಗುವುದೇ ಇಲ್ಲ. ಮನೆಯಲ್ಲಿ ತನಗಾಗಿ ಒಂದು ಲಂಗವನ್ನೋ ರವಿಕೆಯನ್ನೋ ಹೊಲಿಯಲು ಕೂತವಳಿಗೆ ಆ ಇಡಿಯಾದದ್ದು ಸಿಗುತ್ತದೆ. ಮೈಯೂ ಅವಳದು, ಅಳತೆಯೂ ಅವಳದು, ಮೊದಲ ಗೆರೆಯಿಂದ ಕೊನೆಯ ಹುಕ್ಕಿನವರೆಗೆ ಕೆಲಸವೂ ಅವಳದು.

ರವಿಕೆ ಕಲಿಯುವವಳ ಮೊದಲ ಬಟ್ಟೆ ಸಾಮಾನ್ಯವಾಗಿ ಬೀರುವಿನೊಳಗಿಂದಲೇ ಬರುತ್ತದೆ. ಗೌರಿ ಹಬ್ಬದ ಬಾಗಿನದಲ್ಲಿ, ವರಮಹಾಲಕ್ಷ್ಮಿಯ ಅರಿಶಿನ-ಕುಂಕುಮಕ್ಕೆ ಹೋದಾಗ, ಯಾರದೋ ಗೃಹಪ್ರವೇಶದಲ್ಲಿ ಎಲೆ-ಅಡಿಕೆ, ತೆಂಗಿನಕಾಯಿಯ ಜೊತೆ ಕೈಗೆ ಬಂದ ರವಿಕೆ ಕಣಗಳು ಪ್ರತಿ ಮನೆಯಲ್ಲೂ ಒಂದು ಅಟ್ಟಿ ಇರುತ್ತವೆ. ಗಿಳಿಹಸಿರು, ಕುಂಕುಮಗೆಂಪು, ಅರಿಶಿನ ಬಣ್ಣ. ಒಂದಕ್ಕೂ ಹೊಂದುವ ಸೀರೆ ಇರುವುದಿಲ್ಲ, ಆದರೆ ಬಿಸಾಡುವ ಮನಸ್ಸು ಯಾರಿಗೂ ಬರುವುದಿಲ್ಲ. ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಮಡಿಲಿಗೆ ಬೀಳುತ್ತವೆ, ಹಾಗೇ ಮನೆಯಿಂದ ಮನೆಗೆ ಸುತ್ತುತ್ತವೆ. ‘ಹಾಳಾದ್ರೂ ಪರವಾಗಿಲ್ಲ, ಇದ್ರಲ್ಲಿ ಕಲಿ’ ಎಂದು ಅಮ್ಮ ಒಂದನ್ನು ಎತ್ತಿಕೊಟ್ಟಾಗ, ಹರಸಿ ಕೊಟ್ಟ ಬಟ್ಟೆಯೊಂದಕ್ಕೆ ಕಡೆಗೂ ತೊಡುವ ಮೈ ಸಿಗುತ್ತದೆ.

ಕತ್ತರಿಗೆ ಮುಂಚೆ ನೀರು. ಹತ್ತಿಯ ಬಟ್ಟೆಯನ್ನು, ಲೈನಿಂಗನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು. ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ. ಆಮೇಲೆ ಬಟ್ಟೆಯನ್ನು ಕೈಯಿಂದ ಎಳೆದು ನೋಡುವ ಪಾಠ. ಇದು ನನಗೆ ಬಹಳ ಇಷ್ಟದ ಪಾಠ. ಅಂಚಿನ ಉದ್ದಕ್ಕೆ ಎಳೆದರೆ ಬಟ್ಟೆ ಜಗ್ಗುವುದಿಲ್ಲ, ಏಕೆಂದರೆ ಅವು ಹಾಸಿನ ಎಳೆಗಳು, ಮಗ್ಗದ ಮೇಲೆ ಬಿಗಿಯಾಗಿ ನಿಂತು ನೇಯಿಸಿಕೊಂಡವು. ಅಡ್ಡಕ್ಕೆ ಎಳೆದರೆ ಹೊಕ್ಕಿನ ಎಳೆಗಳು ತುಸು ಬಿಟ್ಟುಕೊಡುತ್ತವೆ. 45 ಡಿಗ್ರಿ ಓರೆಯಾಗಿ ಎಳೆದರೆ ಅದೇ ಬಟ್ಟೆ ಬಳುಕಿ ಉದ್ದವಾಗುತ್ತದೆ. ಟೈಲರುಗಳು ಕ್ರಾಸ್ ಎನ್ನುವುದು ಇದನ್ನೇ. ಕುತ್ತಿಗೆಯ ಪೈಪಿಂಗಿಗೆ ಕ್ರಾಸ್ ಪೀಸೇ ಬೇಕು, ನೇರ ಪಟ್ಟಿ ತಿರುವಿನಲ್ಲಿ ಸುಕ್ಕಾಗುತ್ತದೆ. ಪ್ಯಾರಿಸಿನ ಉಡುಪು ವಿನ್ಯಾಸಕಿ ಮದ್ಲೆನ್ ವಿಯೊನೆ 1920ರ ದಶಕದಲ್ಲಿ ಇಡೀ ಉಡುಗೆಗಳನ್ನೇ ಹೀಗೆ ಓರೆಗೆ ಕತ್ತರಿಸಿ, ಬಟ್ಟೆ ಮೈಮೇಲಿಂದ ತಾನಾಗಿ ಇಳಿಯುವಂತೆ ಮಾಡಿ ಹೆಸರಾದಳು. ಅವಳಿಗೆ ಕಂಡ ಗುಟ್ಟು ಬಾಗಲೂರಿನ ಹುಡುಗಿಯ ಎರಡು ಬೆರಳುಗಳ ನಡುವೆಯೂ ಅಷ್ಟೇ ನಿಚ್ಚಳವಾಗಿ ಬಳುಕುತ್ತದೆ.

ಇನ್ನು ಪೇಪರ್ ಕಟಿಂಗ್. ಹಳೆಯ ದಿನಪತ್ರಿಕೆಯ ಹಾಳೆ ಹಾಸಿ ಅದರ ಮೇಲೆ ತನ್ನ ಮೈಯ ಲೆಕ್ಕ ಬರೆಯುವುದು. ಎದೆ ಸುತ್ತಳತೆ 36 ಇಂಚಾದರೆ ಅದರ ಕಾಲುಭಾಗ 9, ಮೇಲೆ ಮಾರ್ಜಿನ್. ಭುಜ, ಕುತ್ತಿಗೆಯ ಅಗಲ, ಆಳ, ಸೊಂಟ. ಕನ್ನಡಿಯ ಮುಂದೆ ತನ್ನ ಮೈಯನ್ನು ಹೊಗಳಿಯೋ ತೆಗಳಿಯೋ ನೋಡಿ ಅಭ್ಯಾಸವಾದವಳು ಇಲ್ಲಿ ಮೊದಲ ಬಾರಿಗೆ ಅದನ್ನು ಬರಿಯ ಆಕಾರವಾಗಿ ನೋಡುತ್ತಾಳೆ. ಕಂಕುಳಿನ ಸುತ್ತಿನ ಗೆರೆ ಹಿಂಭಾಗಕ್ಕಿಂತ ಮುಂಭಾಗದಲ್ಲಿ ಹೆಚ್ಚು ಒಳಕ್ಕೆ ಬಾಗಬೇಕು, ಏಕೆಂದರೆ ನಮ್ಮ ಕೈಗಳು ದುಡಿಯುವುದು ಮುಂದಕ್ಕೆ: ರೊಟ್ಟಿ ತಟ್ಟುವಾಗ, ಬಟ್ಟೆ ಒಗೆಯುವಾಗ, ಮಗುವನ್ನು ಎತ್ತಿಕೊಳ್ಳುವಾಗ. ಹಿಂದೆ ಬಟ್ಟೆ ಸಾಲಬೇಕು, ಮುಂದೆ ಅಡ್ಡ ಬರಬಾರದು. ತೋಳಿನ ತಲೆಯ ತಿರುವು ಅದು ಕೂರಬೇಕಾದ ಸುತ್ತಿಗಿಂತ ತುಸು ಉದ್ದವೇ ಇರುತ್ತದೆ. ಆ ಹೆಚ್ಚಿನದನ್ನು ನೆರಿಗೆ ಕಾಣದಂತೆ ಬೆರಳಿನಿಂದ ಒಳಗೆ ತುಂಬುತ್ತ ಹೊಲಿದರೆ ಭುಜದ ದುಂಡುತನಕ್ಕೆ ಜಾಗ ಸಿಗುತ್ತದೆ. ಕೈ ಎತ್ತಿದಾಗ ರವಿಕೆ ಹಿಡಿಯದೆ ಜೊತೆಗೆ ಬರುವುದು ಈ ಚೂರು ಬಟ್ಟೆಯ ಉಪಕಾರದಿಂದ.

ಮಿಷನ್ನಿನ ಮುಂದೆ ಕೂತವಳಿಗೆ ಮೊದಲು ಕೊಡುವುದು ದಾರವಿಲ್ಲದ ಸೂಜಿ, ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ. ಗೆರೆಯ ಮೇಲೇ ತೂತು ಬೀಳುವಂತೆ ತುಳಿಯಬೇಕು. ಕಾಲು ತಪ್ಪಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ. ದಾರ ಹಾಕಿದ ಮೇಲೆ ಹೀಗಾದರೆ ದಾರ ಸಿಕ್ಕಾಗುತ್ತದೆ, ಇಲ್ಲವೇ ತುಂಡಾಗುತ್ತದೆ. ಹೊಸಬಳು ಬಟ್ಟೆಯನ್ನು ಹಿಂದಿನಿಂದ ತಳ್ಳುತ್ತಾಳೆ, ಮುಂದಿನಿಂದ ಎಳೆಯುತ್ತಾಳೆ, ಹಲ್ಲು ಕಚ್ಚಿ ಹಿಡಿಯುತ್ತಾಳೆ. ‘ಕೈ ಸಡಿಲ ಬಿಡಮ್ಮ, ಬಟ್ಟೆ ತಾನೇ ಹೋಗುತ್ತೆ’ ಎನ್ನುತ್ತಾರೆ ಹೇಳಿಕೊಡುವ ಅಕ್ಕ. ಸೂಜಿಯ ಕೆಳಗಿನ ಹಲ್ಲುಗಳು ಒಂದೊಂದು ಹೊಲಿಗೆಗೂ ಬಟ್ಟೆಯನ್ನು ಒಂದೊಂದು ಹೆಜ್ಜೆ ಮುಂದಿಡುತ್ತವೆ. ಕೈಗೆ ಇರುವ ಕೆಲಸ ದಾರಿ ತೋರಿಸುವುದಷ್ಟೇ. ಇದು ಬುದ್ಧಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ, ಹೆಗಲಿಗೆ ತಿಳಿಯಲು ವಾರಗಳು ಬೇಕು. ತಿಳಿದ ದಿನ ಮಿಷನ್ನಿನ ಸದ್ದೇ ಬೇರೆಯಾಗುತ್ತದೆ. ತಡವರಿಸುತ್ತಿದ್ದ ಟಕ್, ಟಕ್ ಒಂದೇ ಓಟದ ಸದ್ದಾಗಿ ಹರಿಯುತ್ತದೆ.

ಆ ಸದ್ದಿನೊಳಗೆ ನಡೆಯುವುದನ್ನು ಒಮ್ಮೆ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಬೇಕು. ಸೂಜಿ ಮೇಲಿನ ದಾರವನ್ನು ಹೊತ್ತು ಕೆಳಗಿಳಿಯುತ್ತದೆ. ಮೇಲೇಳುವಾಗ ದಾರ ಒಂದು ಕುಣಿಕೆಯಾಗಿ ಸಡಿಲುತ್ತದೆ. ಅದೇ ಗಳಿಗೆಗೆ ಕೆಳಗಿನ ಕೊಕ್ಕೆ ಬಂದು ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಎರಡು ದಾರಗಳು ಬಟ್ಟೆಯ ದಪ್ಪದೊಳಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎರಡರ ಬಿಗಿಯೂ ಸಮನಾಗಿದ್ದರೆ ಗಂಟು ಮೇಲೂ ಕಾಣದು, ಕೆಳಗೂ ಕಾಣದು. ಕೈಸೂಜಿಗೆ ಕಣ್ಣು ಬುಡದಲ್ಲಿ, ಮಿಷನ್ ಸೂಜಿಗೆ ಮೊನೆಯ ಬಳಿ. ಈ ಹೊಲಿಗೆ ಸಾಧ್ಯವಾದದ್ದು ಕಣ್ಣು ಹೀಗೆ ಜಾಗ ಬದಲಿಸಿದ್ದರಿಂದ. ಅಮೆರಿಕದ ಎಲಿಯಾಸ್ ಹೋವ್ ಇಂಥ ಯಂತ್ರಕ್ಕೆ 1846ರಲ್ಲಿ ಪೇಟೆಂಟ್ ಪಡೆದ; ಐಸಾಕ್ ಸಿಂಗರ್ 1851ರಲ್ಲಿ ತನ್ನ ಯಂತ್ರವನ್ನು ತಂದ. ಯಂತ್ರಗಳ ವ್ಯಾಮೋಹವನ್ನು ವಿರೋಧಿಸಿದ ಗಾಂಧೀಜಿ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ಕಂಡ ಪ್ರೀತಿಯಿಂದ ಹುಟ್ಟಿದ ಯಂತ್ರ ಅದೆಂದು ಅವರು ಮೆಚ್ಚಿದ್ದರು. ಮಿಷನ್ ಹೊಲಿಯುತ್ತದೆ, ಆದರೆ ತುಳಿಯುವ ಕಾಲು ನಿಂತರೆ ತಾನೂ ನಿಲ್ಲುತ್ತದೆ. ಮನುಷ್ಯರ ಅಳತೆಗೆ ಒಗ್ಗಿ ನಡೆಯುವ ಇಂಥ ಯಂತ್ರದ ಮೇಲೆ ನನಗೂ ಅದೇ ಮೆಚ್ಚುಗೆ.

ಹೊಲಿಗೆಯಲ್ಲಿ ನನಗೆ ಅತಿ ರಸದ ಗಳಿಗೆ ಕುತ್ತಿಗೆ ತಿರುಗಿಸುವುದು. ರವಿಕೆಯ ಮುಖಕ್ಕೆ ಲೈನಿಂಗಿನ ಮುಖ ತಾಗಿಸಿ ದುಂಡಗೆ ಹೊಲಿಗೆ ಹಾಕಿರುತ್ತಾರೆ. ಆಗ ಕಾಣುವುದು ಬಟ್ಟೆಯ ಉಲ್ಟಾ ಬದಿ, ಬಿಟ್ಟ ಅಂಚುಗಳು, ಅಲ್ಲಲ್ಲಿ ಚಾಕಿನ ಪುಡಿ. ಚಂದವೆನ್ನುವಂಥದ್ದು ಏನೂ ಇಲ್ಲ. ತಿರುವಿನ ಉದ್ದಕ್ಕೂ ಹೊಲಿಗೆಯ ಸಮೀಪದವರೆಗೆ ಕಚ್ಚು ಕೊಡಬೇಕು, ಹೊಲಿಗೆಗೆ ತಾಗಬಾರದು. ಕತ್ತರಿಯ ಮೊನೆ ದಾರದಿಂದ ಕೂದಲೆಳೆಯಷ್ಟು ದೂರ ನಿಲ್ಲುವಾಗ ಹೊಸಬಳ ಉಸಿರೂ ನಿಲ್ಲುತ್ತದೆ. ಆಮೇಲೆ ಲೈನಿಂಗನ್ನು ಒಳಕ್ಕೆ ಮಗುಚಿ, ಉಗುರಿನಿಂದ ಅಂಚು ತೀಡಿ, ಇಸ್ತ್ರಿ ಒತ್ತಿದರೆ ಅಷ್ಟೂ ಗಲೀಜು ಒಳಗೆ ಹೋಗಿ, ಹೊರಗೆ ಒಂದೇ ಒಂದು ನಯವಾದ ಕುತ್ತಿಗೆ ಉಳಿಯುತ್ತದೆ. ಚಪ್ಪಟೆಯಾಗಿದ್ದ ಬಟ್ಟೆಗೆ ಆಗ ಮುಖ ಬರುತ್ತದೆ.

ಹೊಲಿದ ಬಟ್ಟೆಯನ್ನು ಒಳಗು ಹೊರಗು ಮಾಡಿಯೂ ನೋಡಬೇಕು. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ಸಮ ಕಾಣುತ್ತವೆ. ಕಸೂತಿ ಹಾಕಿದ ಹೆಣ್ಣುಮಕ್ಕಳು ಕಾಣದ ಬದಿಗೂ ಅದೇ ಮರ್ಯಾದೆ ಕೊಟ್ಟರು. ರವಿಕೆಯ ಒಳಬದಿಯ ಚಂದ ಇನ್ನೊಂದು ಬಗೆಯದು. ಪಕ್ಕದಲ್ಲಿ ಧಾರಾಳವಾಗಿ ಬಿಟ್ಟ ಮಾರ್ಜಿನ್, ಅದರ ಮೇಲೆ ಒಂದರ ಪಕ್ಕ ಒಂದು ಎರಡು ಮೂರು ಸಾಲು ಹೊಲಿಗೆ. ಮೈ ತುಂಬಿಕೊಂಡಾಗ ಒಂದು ಸಾಲು ಬಿಚ್ಚಿದರೆ ಸಾಕು, ರವಿಕೆ ಮತ್ತೆ ಸರಿಹೋಗುತ್ತದೆ. ಮದುವೆಗೆ ಹೊಲಿಸಿದ್ದನ್ನು ಬಾಣಂತನದ ನಂತರವೂ ತೊಡುವುದು, ಅಕ್ಕನದು ತಂಗಿಗೆ ಆಗುವುದು ಈ ಸಾಲುಗಳಿಂದಲೇ. ಹೆಣ್ಣಿನ ಮೈ ಇದ್ದಂತೆಯೇ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ ಎಂಬ ತಿಳಿವಳಿಕೆ ಆ ಹೊಲಿಗೆಯಲ್ಲಿದೆ. ಇಷ್ಟು ಮಮತೆಯ ಕಸುಬುಗಾರಿಕೆಯನ್ನು ನಾನು ಬೇರೆ ಉಡುಪುಗಳಲ್ಲಿ ಕಂಡಿದ್ದು ಕಡಿಮೆ.

ಹೀಗೆ ಒಂದು ಉಡುಪನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಿದವಳ ನೋಟ ತನ್ನ ಬಟ್ಟೆಗೇ ನಿಲ್ಲುವುದಿಲ್ಲ. ಯಲಹಂಕದ ಬಸ್ಸಿನಲ್ಲಿ ಮುಂದೆ ಕೂತವರ ಷರ್ಟಿನ ಕಾಲರು ಕಾಣುತ್ತದೆ: ಎರಡೂ ಮೂಲೆ ಒಂದೇ ಚೂಪು, ಅಂಚಿಗೆ ಸಮಾನಾಂತರವಾಗಿ ಎಲ್ಲೂ ನಡುಗದ ಹೊಲಿಗೆ. ನಿನ್ನೆಯವರೆಗೆ ಅದು ಬರಿಯ ಷರ್ಟು. ಇಂದು ಅದರ ಹಿಂದೆ ಒಬ್ಬ ಹೆಣ್ಣುಮಗಳ ಕೈ ಇದೆಯೆಂದು, ಆ ಮೂಲೆಯನ್ನು ಅಷ್ಟು ಚೂಪಾಗಿ ಹೊರಡಿಸುವುದು ಎಷ್ಟು ಕಷ್ಟವೆಂದು ಅವಳ ಬೆರಳಿಗೆ ಗೊತ್ತು. ನೂಲಿನ ಸೀಮೆಯಲ್ಲಿ ಬದುಕುವವರಿಗೆ ಈ ನೋಟ ದಕ್ಕಲೇಬೇಕು.

ಆದ್ದರಿಂದ, ಅಂಜಿಕೆ ಹೋದ ಮೇಲೆ ಕಲಿಯೋಣವೆಂದು ಕಾಯುವವರು ಕಾಯುವುದು ಬೇಡ. ಅಂಜಿಕೆ ಇರುವಾಗಲೇ ಕೂತುಕೊಳ್ಳಿ, ಆಗಲೇ ಹೆಚ್ಚು ಕಾಣುತ್ತದೆ. ನೇರ ಹೊಲಿಗೆಯ ಲಂಗದಿಂದ ಶುರುಮಾಡಿ, ಆಮೇಲೆ ನೈಟಿ, ಟಾಪು, ರವಿಕೆ ಕಡೆಗಿರಲಿ. ಮಾರ್ಜಿನ್ ಧಾರಾಳವಾಗಿ ಬಿಡಿ, ಬಿಚ್ಚಿ ಹೊಲಿಯಲು ಸಂಕೋಚಪಡಬೇಡಿ. ಮೊದಲ ರವಿಕೆ ಮುಗಿದಾಗ ಅದನ್ನು ಮನೆಯೊಳಗೆ ತೊಟ್ಟು ಸವೆಸಬೇಡಿ. ಗೌರಿ ಹಬ್ಬಕ್ಕೆ ತೊಟ್ಟುಕೊಂಡು ನಾಲ್ಕು ಮನೆಗೆ ಹೋಗಿ ಬನ್ನಿ.