ಬೆಂಕಿಪುರದಲ್ಲಿ ಮಳೆ ಮಂತ್ರ

ಹೊಸಬರಿಗೆ ಅಂತ ಬರೆಯೋ ಗೇಮ್ ಗೈಡ್‌ಗಳ ಮೇಲೆ ನನಗೊಂದು ಸಿಟ್ಟಿದೆ. ಅದು ಹುಟ್ಟಿದ್ದು ಭದ್ರಾವತಿಯ ನಮ್ಮ ಮನೆಯ ಹಾಲ್‌ನಲ್ಲಿ, ದಸರಾ ರಜೆಯಲ್ಲಿ. ಶಿವಮೊಗ್ಗದಿಂದ ಅಕ್ಕನ ಮಗ ಬಂದಿದ್ದ. ಸೆಕೆಂಡ್ ಪಿಯು, ಸೈನ್ಸ್. ನಾನು ಬೆಂಗಳೂರಿಂದ ಹೊತ್ತು ತಂದಿದ್ದ ಲ್ಯಾಪ್‌ಟಾಪ್‌ನಲ್ಲಿ 'ಡಿವಿನಿಟಿ: ಒರಿಜಿನಲ್ ಸಿನ್ 2' ಇತ್ತು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2017ರಲ್ಲಿ ತಂದ ಆಟ. ಇದೇ ಕಂಪನಿ 2023ರಲ್ಲಿ 'ಬಾಲ್ಡರ್ಸ್ ಗೇಟ್ 3' ಮಾಡಿ ಎಲ್ಲರ ಬಾಯಲ್ಲೂ ಬಂತು, ಅದು ಬೇರೆ ಕಥೆ.

ಹುಡುಗ ಪಾತ್ರ ಆರಿಸೋ ಪರದೆಯ ಮುಂದೆ ಕೂತವನು ಒಂದು ಗಂಟೆಯಾದರೂ ಏಳಲಿಲ್ಲ. ಒಂದು ಕೈಯಲ್ಲಿ ಮೌಸ್, ಇನ್ನೊಂದು ಕೈಯಲ್ಲಿ ಮೊಬೈಲು, ಮೊಬೈಲಲ್ಲಿ ಗೈಡು. ಅವನಿಗೆ ಇಷ್ಟವಾಗಿದ್ದು ನೀರಿನ ಮಾಂತ್ರಿಕ: ಮಳೆ ಸುರಿಸ್ತಾನೆ, ಗಾಯ ವಾಸಿ ಮಾಡ್ತಾನೆ. ಮಲೆನಾಡಿನ ಹುಡುಗ, ಮತ್ತೇನು ಇಷ್ಟವಾಗುತ್ತೆ ಹೇಳಿ. ಆದರೆ ಗೈಡು, ಅದು ವೇಸ್ಟು, ನಾಲ್ಕೂ ಜನ ಕತ್ತಿ-ಬಿಲ್ಲಿನವರೇ ಇರಲಿ ಅಂತಿತ್ತು.

"ತಪ್ಪು ಆರಿಸಿದ್ರೆ ಮುಂದೆ ಕಷ್ಟ ಆಗುತ್ತಂತೆ ಮಾಮ."

ಇದೇ ಮಾತನ್ನು ಹಿಂದಿನ ವರ್ಷ ಅವನ ಕಾಂಬಿನೇಷನ್ ಆರಿಸುವಾಗ ಮನೆಮಂದಿಯೆಲ್ಲ ಸೇರಿ ಅವನಿಗೆ ಹೇಳಿದ್ದೆವು. ನಾನೂ ಹೇಳಿದ್ದೆ.

ನ್ಯಾಯವಾಗಿ ಹೇಳಬೇಕು ಅಂದ್ರೆ ಗೈಡಿನ ಲೆಕ್ಕ ಸರಿ. ಈ ಆಟದಲ್ಲಿ ಶತ್ರುಗಳಿಗೆ ಎರಡು ಕವಚ: ಒಂದು ಆಯುಧದ ಪೆಟ್ಟಿಗೆ, ಇನ್ನೊಂದು ಮಂತ್ರಕ್ಕೆ. ಕತ್ತಿಯವನು ಮೊದಲನೆಯದನ್ನು ಒಡೀತಾನೆ, ಮಾಂತ್ರಿಕ ಎರಡನೆಯದನ್ನು. ಇಬ್ಬಿಬ್ಬರು ಇದ್ದರೆ ನಿಮ್ಮ ಅರ್ಧ ಶ್ರಮ ಒಂದು ಗೋಡೆಗೆ, ಇನ್ನರ್ಧ ಇನ್ನೊಂದಕ್ಕೆ. ಎಲ್ಲರೂ ಒಂದೇ ಗೋಡೆ ಒಡೆದರೆ ಶತ್ರು ಬೇಗ ಬೀಳ್ತಾನೆ. ನನ್ನ ಪ್ರಕಾರ ಇದು ಆಟದ್ದೇ ದೋಷ. ಬಗೆಬಗೆಯ ಜನರನ್ನು ಕೂಡಿಸ್ಕೊಳ್ಳಿ ಅಂತ ಕರೆದು, ಆಮೇಲೆ ಹಾಗೆ ಕೂಡಿಸ್ಕೊಂಡವರಿಗೇ ದಂಡ ಹಾಕುತ್ತೆ. 'ಬಾಲ್ಡರ್ಸ್ ಗೇಟ್ 3'ರಲ್ಲಿ ಈ ಜೋಡಿ ಕವಚ ಇಲ್ಲ, ಪುಣ್ಯ.

ಆದರೆ ಆ ಲೆಕ್ಕ ಬೇಕಾಗಿರೋದು ಅತಿ ಕಠಿಣ ಮಟ್ಟದಲ್ಲಿ ಆಡೋನಿಗೆ. ಮೊದಲ ಸಲ ಆಡೋ ಹುಡುಗನಿಗೆ ಅಲ್ಲ. ಮುಖ್ಯವಾದ ಮಾತನ್ನು ಆ ಗೈಡು ಕೊನೆಯಲ್ಲೆಲ್ಲೋ ಅಡಗಿಸಿಟ್ಟಿತ್ತು. ಮೊದಲ ದ್ವೀಪ ದಾಟಿ ಹಡಗು ಹತ್ತಿದರೆ ಅಲ್ಲೊಂದು ಕನ್ನಡಿ ಇದೆ. ಅದರ ಮುಂದೆ ನಿಂತು ಎಷ್ಟು ಸಲ ಬೇಕಾದರೂ, ಕಾಸಿಲ್ಲದೆ, ನಿಮ್ಮ ಪಾತ್ರದ ಕಸುಬನ್ನೇ ಬದಲಾಯಿಸಬಹುದು. ಇದನ್ನು ಮೊದಲ ಸಾಲಲ್ಲಿ ಬರೆಯೋಕೆ ಏನು ಕಷ್ಟ ಮಾರಾಯ್ರೆ?

ಅವನಿಗೆ ಇದನ್ನು ಹೇಳಿದೆ. ಮಳೆಯವನನ್ನೇ ಆರಿಸಿದ.

ನನ್ನ ಪಾಠ ಶುರುವಾಯ್ತು. ಊರಿನ ಹಳೇ ಹೆಸರೇ ಬೆಂಕಿಪುರ, 1923ರಿಂದ ಕಬ್ಬಿಣ ಕರಗಿಸಿದ ಊರು. ಬೆಂಕಿಯ ಬುದ್ಧಿವಾದ ನಮ್ಮಿಂದಲ್ಲದೆ ಯಾರಿಂದ ಬರಬೇಕು? ಈ ಆಟದಲ್ಲಿ ನೆಲವೇ ಆಯುಧ. ಎಣ್ಣೆ ಚೆಲ್ಲಿದ್ದರೆ, ವಿಷ ಹರಿದಿದ್ದರೆ, ಒಂದು ಕಿಡಿ ಸಾಕು. ಹಾಗಾಗಿ ಕಾಲಡಿ ಏನಿದೆ ನೋಡದೆ ನಿಲ್ಲಬೇಡಿ. ಎತ್ತರದ ಜಾಗ ಹಿಡೀರಿ, ಅಲ್ಲಿಂದ ಬಾಣಕ್ಕೆ ಬಲ ಜಾಸ್ತಿ. ಯಾರ ಜೊತೆಗಾದರೂ ಮಾತು ಜಗಳಕ್ಕೆ ತಿರುಗೋ ವಾಸನೆ ಬಂದರೆ, ಒಬ್ಬನನ್ನು ಮಾತಿಗೆ ಕಳಿಸಿ, ಉಳಿದ ಮೂವರನ್ನು ಮೊದಲೇ ಅಟ್ಟದ ಮೇಲೆ ನಿಲ್ಲಿಸಿ. ಟರ್ನ್‌ಗೆ 4 ಆ್ಯಕ್ಷನ್ ಪಾಯಿಂಟ್ ಸಿಗುತ್ತೆ, ಎಲ್ಲಾ ಖರ್ಚು ಮಾಡ್ಲೇಬೇಕು ಅಂತೇನಿಲ್ಲ. 2 ಉಳಿಸಿದರೆ ಮುಂದಿನ ಸಲಕ್ಕೆ 6.

ಮುಖ್ಯವಾಗಿ, ಗುಂಪಾಗಿ ನಿಲ್ಲಬೇಡಿ. ಇದು ಅವನಿಗೆ ಹತ್ತಲೇ ಇಲ್ಲ. ಅಮ್ಮ ಅವನಿಗೆ ಚಿಕ್ಕಂದಿನಲ್ಲೇ ಹುಲಿ-ಕುರಿ ಆಟ ಕಲಿಸಿದ್ದಳು. ಅಲ್ಲಿ ಕುರಿಯ ಹಿಂದಿನ ಮನೆ ಖಾಲಿ ಬಿಟ್ಟರೆ ಹುಲಿ ಹಾರಿ ತಿನ್ನುತ್ತೆ, ಅದಕ್ಕೇ ಕುರಿಗಳು ಒತ್ತಾಗಿರಬೇಕು. ಇಲ್ಲಿ ಒತ್ತಾಗಿದ್ದರೆ ಒಂದೇ ಬೆಂಕಿಯುಂಡೆಗೆ ನಾಲ್ವರೂ ಇದ್ದಿಲು.

ಸಮುದ್ರ ತೀರದಲ್ಲಿ ಮೂರು ಮೊಸಳೆ ಇವೆ. ಅದರಲ್ಲೊಂದು ಮಾಯವಾಗಿ ಇನ್ನೆಲ್ಲೋ ಬಂದು ನಿಲ್ಲುತ್ತೆ. ಹುಡುಗ ಮಳೆ ಸುರಿಸಿದ, ಇನ್ನೊಬ್ಬಳಿಂದ ಮಿಂಚು ಬಿಟ್ಟ. ನೀರೆಲ್ಲ ಕರೆಂಟು. ಮೊಸಳೆಗಳ ಜೊತೆ ನಮ್ಮ ಕಡೆಯ ಇಬ್ಬರೂ ಶಾಕ್ ಹೊಡೆಸ್ಕೊಂಡು ನಿಂತರು. ಅವನ ಬೆರಳು ತಕ್ಷಣ ಎಫ್ 8ರ ಮೇಲೆ: ಹಿಂದಿನ ಸೇವ್‌ಗೆ ವಾಪಸ್.

ಗೈಡ್‌ಗಳ ಮೇಲೆ ನನ್ನ ಎರಡನೇ ತಕರಾರು ಇದೇ. ಆಗಾಗ ಸೇವ್ ಮಾಡಿ ಅಂತಾರೆ, ಸರಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗೋದು ಗೊತ್ತಲ್ಲ. ಆದರೆ ಗುರಿ ತಪ್ಪಿದ ಪ್ರತಿ ಬಾಣವನ್ನೂ ಅಳಿಸಿ ಮತ್ತೆ ಬಿಡೋನಿಗೆ, ಕೆಟ್ಟ ಪರಿಸ್ಥಿತಿಯಿಂದ ಎದ್ದು ಬರೋ ಆಟ ಸಿಗೋದೇ ಇಲ್ಲ. ಈ ಆಟದ ಅರ್ಧ ರುಚಿ ಅಲ್ಲೇ ಇರೋದು.

"ಒತ್ತಬೇಡ, ಆಡು" ಅಂದೆ.

ಆಡಿದ. ಮೂವರು ಬಿದ್ದರು. ಉಳಿದದ್ದು ಮಳೆಯವನೊಬ್ಬನೇ. ತನ್ನ ಗಾಯ ತಾನೇ ವಾಸಿ ಮಾಡ್ಕೊಂಡು, ಹಿಂದೆ ಹಿಂದೆ ಸರಿದು, ಕೊನೆಯ ಮೊಸಳೆಯನ್ನು ಕೋಲಿಂದ ಬಡಿದು ಮುಗಿಸಿದ. ಅದರ ಹೊಟ್ಟೆಯಿಂದ ಟೆಲಿಪೋರ್ಟ್ ಮಾಡೋ ಕೈಗವಸು ಸಿಕ್ತು. ಹುಡುಗ ಕೂಗಿದ ಕೂಗಿಗೆ ಅಡುಗೆಮನೆಯಿಂದ ಅಮ್ಮ ಓಡಿ ಬಂದಳು.

ಮೊನ್ನೆ ಮೆಸೇಜ್ ಮಾಡಿದ್ದ. ಹಡಗು ಹತ್ತಿದಾನಂತೆ, ಕನ್ನಡಿಯೂ ಸಿಕ್ಕಿದೆಯಂತೆ. ಏನು ಬದಲಾಯಿಸಿದೆ ಅಂತ ಕೇಳಿದೆ.

"ಏನೂ ಇಲ್ಲ ಮಾಮ, ಕೂದಲಿನ ಬಣ್ಣ ಅಷ್ಟೇ."