ಊಟ ಬಲ್ಲವನು ಯಾರು? – ಆಹಾರವಿಧಿಯ ಬೋಧನೆಯೂ ಅದರ ಪರವಾನಗಿಯೂ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯು ಕನ್ನಡನಾಡಿನಲ್ಲಿ ಆಬಾಲವೃದ್ಧರಿಗೂ ತಿಳಿದುದೇ ಆಗಿದೆ. ಇದರಲ್ಲಿ ವಿಚಾರಾರ್ಹವಾದ ಪದವು ‘ಊಟ’ವಲ್ಲ, ‘ಬಲ್ಲ’ ಎಂಬುದು. ಉಣ್ಣುವುದನ್ನು ಯಾರೂ ಕಲಿಸಬೇಕಾಗಿಲ್ಲ. ಶಿಶುವು ಹುಟ್ಟಿದೊಡನೆಯೇ ಸ್ತನ್ಯವನ್ನು ಬಯಸುವುದು. ಹಾಗಿದ್ದರೂ ಗಾದೆಯು ಉಣ್ಣುವುದನ್ನು ಮಾತನಾಡುವುದರ ಪಕ್ಕದಲ್ಲಿರಿಸಿ ಎರಡನ್ನೂ ಬಲ್ಮೆಯೆಂದು ಎಣಿಸಿದೆ. ಬಲ್ಮೆಯೆಂದ ಮೇಲೆ ಕಲಿಸುವವರು, ಕಲಿಯುವವರು ಎಂಬ ಭೇದವು ತಾನಾಗಿಯೇ ಒದಗುತ್ತದೆ; ಕಲಿಸುವ ಅಧಿಕಾರವು ಯಾರಿಗೆ, ಅದನ್ನು ಕೊಡತಕ್ಕವರು ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ಈ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಆಹಾರದ ದುರಭ್ಯಾಸಗಳನ್ನು ತಿದ್ದುವುದಕ್ಕಾಗಿ ಹತ್ತಾರು ಜನರನ್ನು ಕೂಡಿಸಿ ನಡೆಸುವ ಕಲಿಕೆಯ ಕೂಟಗಳು ಪಾಶ್ಚಾತ್ಯ ದೇಶಗಳಲ್ಲಿ ಬಹುವಾಗಿ ಬೆಳೆದಿವೆ. ಅಮೆರಿಕದ ವೈದ್ಯೆ ಮಿಶೆಲ್ ಮೇ ಅವರು ‘ಆಮ್ ಐ ಹಂಗ್ರಿ?’, ಎಂದರೆ ‘ನನಗೆ ಹಸಿವಾಗಿದೆಯೆ?’, ಎಂಬ ಹೆಸರಿನಿಂದ ಪ್ರವರ್ತಿಸಿದ ಪದ್ಧತಿಯು ಇವುಗಳಲ್ಲಿ ಒಂದು. ‘ಈಟ್ ವಾಟ್ ಯು ಲವ್, ಲವ್ ವಾಟ್ ಯು ಈಟ್’ ಎಂಬ ೨೦೦೯ರ ಗ್ರಂಥವು ಇದರ ಆಧಾರ. ಆ ಹೆಸರಿನಲ್ಲಿ ಕೂಟಗಳನ್ನು ನಡೆಸುವವರು ಪ್ರವರ್ತಕರಿಂದ ಪರವಾನಗಿಯನ್ನು ಪಡೆಯುತ್ತಾರೆ. ಬೆಂಗಳೂರಿನ ದಕ್ಷಿಣದಲ್ಲಿರುವ ಬಿಳೇಕಹಳ್ಳಿಯನ್ನು ತೆಗೆದುಕೊಳ್ಳಬಹುದು. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಈ ಸ್ಥಳದಲ್ಲಿ, ೧೯೭೩ರಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲುಕಟ್ಟಡಗಳ ಸುತ್ತ, ನಾನಾ ಪ್ರಾಂತಗಳ ಕುಟುಂಬಗಳು ಮಹಡಿಮನೆಗಳಲ್ಲಿ ನೆಲೆಸಿವೆ. ಅಜ್ಜಿಯ ಅಡುಗೆಮನೆಯಿಂದ ದೂರವಾದ ಇಂಥ ಜನವೇ ಆ ಕೂಟಗಳಿಗೆ ಸಹಜವಾದ ಶ್ರೋತೃವರ್ಗ. ಆದುದರಿಂದ, ಇಂಥ ಪದ್ಧತಿಯು ಕನ್ನಡಕ್ಕೆ ಬರುವುದಾದರೆ ಅದರಲ್ಲಿ ಗ್ರಾಹ್ಯವೆಷ್ಟು, ತ್ಯಾಜ್ಯವೆಷ್ಟು ಎಂಬುದನ್ನು ಮುಂದಾಗಿ ವಿವೇಚಿಸುವುದು ಯುಕ್ತ.

ವಿವೇಚನೆಯ ಕ್ರಮವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ವಿದ್ಯೆಯನ್ನು ಕಲಿಯಹೊರಟವನು ಮೊದಲು ಶಾಸ್ತ್ರವನ್ನೂ ಅನಂತರ ಆಚಾರ್ಯನನ್ನೂ ಪರೀಕ್ಷಿಸಬೇಕೆಂದೂ, ಆಚಾರ್ಯನು ಶಿಷ್ಯನನ್ನು ಪರೀಕ್ಷಿಸಬೇಕೆಂದೂ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ವಿಧಿಸಿದೆ. ಆ ಮೂರು ಪರೀಕ್ಷೆಗಳನ್ನೇ ಇಲ್ಲಿ ಅನುಸರಿಸಬಹುದು.

(೧) ಶಾಸ್ತ್ರಪರೀಕ್ಷೆ

ಮೇ ಅವರ ಪದ್ಧತಿಯು ಆರು ಪ್ರಶ್ನೆಗಳ ಒಂದು ಚಕ್ರ: ಏಕೆ ತಿನ್ನುವುದು, ಯಾವಾಗ, ಏನನ್ನು, ಹೇಗೆ, ಎಷ್ಟು, ಮತ್ತು ತಿಂದುದರಿಂದ ಬಂದ ಶಕ್ತಿಯನ್ನು ಎಲ್ಲಿ ವಿನಿಯೋಗಿಸುವುದು. ಚರಕನು ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಆಹಾರವಿಧಿಗೆ ಎಂಟು ಆಯತನಗಳನ್ನು ಹೇಳಿದ್ದಾನೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ, ಉಪಯೋಕ್ತೃ. ಇವೆರಡನ್ನು ಎದುರುಬದುರಾಗಿ ಇಟ್ಟರೆ ಹೊಂದಿಕೆಯು ಆಶ್ಚರ್ಯಕರವಾಗಿದೆ. ‘ಏನನ್ನು’ ಎಂಬ ಒಂದೇ ಪ್ರಶ್ನೆಯನ್ನು ಚರಕನು ದ್ರವ್ಯದ ಸ್ವಭಾವ, ಅದರ ಸಂಸ್ಕಾರ, ಬೇರೊಂದರೊಡನೆ ಅದರ ಕೂಟ ಎಂದು ಮೂರಾಗಿ ಒಡೆದಿದ್ದಾನೆ. ‘ಎಷ್ಟು’ ಎಂಬುದು ರಾಶಿ, ‘ಯಾವಾಗ’ ಎಂಬುದು ಕಾಲ, ‘ಹೇಗೆ’ ಎಂಬುದು ಉಪಯೋಗಸಂಸ್ಥೆ. ಹಿಂದಿನ ಊಟವು ಜೀರ್ಣವಾದ ಮೇಲೆಯೇ ಉಣ್ಣಬೇಕು. ಅತಿ ವೇಗವೂ ಅತಿ ವಿಲಂಬವೂ ಕೂಡದು. ಹರಟದೆ, ನಗದೆ, ಊಟದಲ್ಲಿಯೇ ಮನಸ್ಸಿಟ್ಟು ಉಣ್ಣಬೇಕು ಎಂದು ಆ ಅಧ್ಯಾಯವು ಹೇಳುತ್ತದೆ. ಇಂದು ‘ಮೈಂಡ್‌ಫುಲ್ ಈಟಿಂಗ್’ ಎಂದು ಪ್ರಚಾರದಲ್ಲಿರುವುದಕ್ಕೆ ಹೊಸ ಸಮಾಸವನ್ನು ಟಂಕಿಸುವವರು ಈ ಸ್ಥಲವನ್ನು ನೋಡಿದರೆ ಸಾಕು. ‘ಮನಸ್ಸಿಟ್ಟು ಉಣ್ಣುವುದು’ ಎಂಬ ತಿಳಿಗನ್ನಡವೇ ಅದಕ್ಕೆ ಒಪ್ಪುತ್ತದೆ.

ಆದರೆ ಎಲ್ಲವೂ ಹಿಂದೆಯೇ ಇದ್ದಿತೆಂದು ಬೀಗುವುದು ವಿಮರ್ಶೆಯಲ್ಲ. ‘ಏಕೆ’ ಎಂಬ ಮೊದಲ ಪ್ರಶ್ನೆಗೆ ಈ ಎಂಟರಲ್ಲಿ ನೇರವಾದ ಸ್ಥಾನವಿಲ್ಲ. ಚಿಂತೆ, ಶೋಕ, ಭಯ, ಕ್ರೋಧಗಳಿಂದ ಕೂಡಿದವನಿಗೆ ಹಿತವೂ ಮಿತವೂ ಆದ ಅನ್ನವು ಕೂಡ ಜೀರ್ಣವಾಗದೆಂದು ಎರಡನೆಯ ಅಧ್ಯಾಯದಲ್ಲಿದೆ. ಅಲ್ಲಿ ಶೋಕವು ಪಾಕಕ್ಕೆ ವಿಘ್ನ. ಶೋಕವೇ ಊಟಕ್ಕೆ ಹೇತುವಾಗುವುದನ್ನು, ಎಂದರೆ ಹಸಿವಿಲ್ಲದವನು ಬೇಸರವನ್ನು ಮರೆಯುವುದಕ್ಕಾಗಿ ತಿನ್ನುವುದನ್ನು, ಆ ಅಧ್ಯಾಯಗಳು ಬಿಡಿಸಿ ಹೇಳಿಲ್ಲ. ಹಸಿವನ್ನೂ ಹಸಿವಿನ ವೇಷವನ್ನು ತೊಟ್ಟ ಅನ್ಯಭಾವಗಳನ್ನೂ ಬೇರ್ಪಡಿಸಿದುದು ಆಧುನಿಕ ಪದ್ಧತಿಯ ನಿಜವಾದ ಗುಣ. ಅದನ್ನು ಮನಃಪೂರ್ವಕವಾಗಿ ಒಪ್ಪಬೇಕು.

ಇನ್ನು ವಿಧಿಯ ಸ್ವರೂಪ. ಮೀಮಾಂಸಕರು ವಿಧಿಯನ್ನು ಅಪೂರ್ವ, ನಿಯಮ, ಪರಿಸಂಖ್ಯೆ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಪರಿಸಂಖ್ಯೆಗೆ ಅವರು ಕೊಡುವ ಪ್ರಸಿದ್ಧ ಉದಾಹರಣೆಯೇ ಆಹಾರಕ್ಕೆ ಸಂಬಂಧಿಸಿದುದು. ಐದುಗುರಿನ ಪ್ರಾಣಿಗಳಲ್ಲಿ ಐದು ಭಕ್ಷ್ಯವೆಂಬ ವಾಕ್ಯಕ್ಕೆ ಆ ಐದನ್ನು ತಿನ್ನೆಂಬ ಅರ್ಥವಿಲ್ಲ, ಮಿಕ್ಕುದನ್ನು ತಿನ್ನಬೇಡವೆಂದೇ ಅರ್ಥ. ಏಕೆಂದರೆ ತಿನ್ನುವುದು ಆಸೆಯಿಂದಲೇ ಪ್ರಾಪ್ತವಾಗಿರುವುದು. ರೋಗಿಗಳ ಕೈಗೆ ಕೊಡುವ ಪಥ್ಯದ ಪಟ್ಟಿಗಳೆಲ್ಲ ಈ ಪರಿಸಂಖ್ಯೆಯ ಜಾತಿಗೆ ಸೇರಿದುವು: ಮಾವಿನಹಣ್ಣು ಬೇಡ, ಹೋಳಿಗೆ ಬೇಡ. ಹೊಸ ಪದ್ಧತಿಯು ಯಾವುದನ್ನೂ ನಿಷೇಧಿಸದೆ ಉಣ್ಣುವ ರೀತಿಯನ್ನು ಮಾತ್ರ ಕಟ್ಟುಪಡಿಸುವುದರಿಂದ ನಿಯಮದ ಜಾತಿಗೆ ಸೇರುತ್ತದೆ. ನಿಷೇಧವು ನಿಷಿದ್ಧದ ಮೇಲೆ ಆಸೆಯನ್ನು ಹೆಚ್ಚಿಸುವುದು ಲೋಕಾನುಭವ; ಆದುದರಿಂದ ನಿಯಮವನ್ನು ಆರಿಸಿಕೊಂಡುದು ವಿವೇಕವೇ.

ದೋಷವು ಕಾಣುವುದು ಗ್ರಂಥದ ಶೀರ್ಷಿಕೆಯಲ್ಲಿ. ‘ಪ್ರಿಯವಾದುದನ್ನು ತಿನ್ನು’ ಎಂದು ಮೊದಲು ಕೇಳಿದವನು ಮುಂದಿನ ಪ್ರಶ್ನೆಗಳನ್ನು ಕೇಳುವುದಕ್ಕೆ ನಿಲ್ಲುವನೆಂಬ ಭರವಸೆಯಿಲ್ಲ. ಪ್ರಿಯವೂ ಹಿತವೂ ಒಂದಲ್ಲವೆಂಬುದು ಕಠೋಪನಿಷತ್ತಿನ ಶ್ರೇಯಃಪ್ರೇಯೋವಿವೇಕವನ್ನು ಓದಿದವರಿಗೆ ಹೊಸತಲ್ಲ. ಅಲ್ಲದೆ, ಬೇರೂರಿದ ಅಹಿತಾಭ್ಯಾಸವನ್ನು ಒಮ್ಮೆಗೇ ಬಿಡದೆ ಕಾಲುಕಾಲು ಭಾಗವಾಗಿ ಬಿಡುತ್ತ, ಆ ಸ್ಥಾನದಲ್ಲಿ ಹಿತವನ್ನು ಅದೇ ಪ್ರಮಾಣದಲ್ಲಿ ತುಂಬಬೇಕೆಂದು ಚರಕನು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಪಾದಾಂಶಕ್ರಮವು, ಆರು ಪ್ರಶ್ನೆಗಳ ಜೊತೆಗೆ ಏಳನೆಯದಾಗಿ ಸೇರತಕ್ಕುದು.

(೨) ಆಚಾರ್ಯಪರೀಕ್ಷೆ

ಪರವಾನಗಿಯ ವಿಚಾರವು ಇಲ್ಲಿ ಬರುತ್ತದೆ. ಅನುಜ್ಞೆಯಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಬೇಕು. ಒಂದು, ರಾಜಾನುಜ್ಞೆ. ಶಾಸ್ತ್ರವನ್ನು ಕಲಿತು, ಅರ್ಥವನ್ನು ತಿಳಿದು, ಕರ್ಮವನ್ನು ಕಂಡು ಮಾಡಿ ಅಭ್ಯಸಿಸಿದ ವೈದ್ಯನು ರಾಜನ ಅನುಜ್ಞೆಯನ್ನು ಪಡೆದೇ ವೃತ್ತಿಗೆ ಇಳಿಯಬೇಕೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿದೆ. ಭಾರತದ ಸಂಸತ್ತು ೨೦೨೧ರಲ್ಲಿ ಅಂಗೀಕರಿಸಿದ ಸಹವರ್ತಿ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮವು ಪಥ್ಯಾಹಾರತಜ್ಞರನ್ನೂ ತನ್ನ ವ್ಯಾಪ್ತಿಗೆ ತಂದುದು ಈ ಜಾತಿಯ ಅನುಜ್ಞೆ. ಅದು ರಕ್ಷಿಸುವುದು ಪ್ರಜೆಯನ್ನು. ಎರಡನೆಯದು ಪ್ರವರ್ತಕನ ಅನುಜ್ಞೆ. ಅದು ರಕ್ಷಿಸುವುದು ಹೆಸರನ್ನೂ ಪಾಠವನ್ನೂ. ಇವೆರಡನ್ನೂ ಒಂದೇ ‘ಲೈಸೆನ್ಸು’ ಎಂಬ ಪದದಿಂದ ಕರೆಯುವುದರಿಂದ, ಎರಡನೆಯದನ್ನು ಪಡೆದವನಿಗೆ ಮೊದಲನೆಯದೂ ಇದೆಯೆಂದು ಜನರು ಭ್ರಮಿಸುವ ಅಪಾಯವುಂಟು.

ಪ್ರವರ್ತಕನ ಅನುಜ್ಞೆಯು ಸರ್ವಥಾ ಹೇಯವೆಂದಲ್ಲ. ಇದಕ್ಕೆ ದೃಷ್ಟಾಂತವಾಗಿ ಸಂಯುಕ್ತನಿಕಾಯದ ದ್ರೋಣಪಾಕಸೂತ್ರವನ್ನು ನೋಡಬಹುದು. ಕೋಸಲದ ಪ್ರಸೇನಜಿತ್ ರಾಜನು ಒಂದು ದ್ರೋಣದಷ್ಟು ಅಕ್ಕಿಯ ಅನ್ನವನ್ನು ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದನು. ಬುದ್ಧನು ಮಿತವಾಗಿ ಉಣ್ಣುವುದನ್ನು ಕುರಿತು ಒಂದು ಗಾಥೆಯನ್ನು ನುಡಿದನು. ರಾಜನ ಹಿಂದೆ ನಿಂತಿದ್ದ ಸುದರ್ಶನನೆಂಬ ಯುವಕನು ಅದನ್ನು ಕಲಿತು, ರಾಜನ ಊಟದ ವೇಳೆಯಲ್ಲಿ ದಿನವೂ ಪಠಿಸತೊಡಗಿದನು. ಅದಕ್ಕೆ ದಿನಕ್ಕೆ ನೂರು ಕಾರ್ಷಾಪಣಗಳ ವೇತನ. ಕ್ರಮಕ್ರಮವಾಗಿ ರಾಜನ ಊಟವು ಒಂದು ನಾಳಿಯ ಪ್ರಮಾಣಕ್ಕೆ ಇಳಿದು, ಅವನ ಮೈ ಹಗುರಾಯಿತು. ಗಾಥೆಯನ್ನು ಊಟದ ಮೊದಲಿಗಲ್ಲ, ಕೊನೆಯ ತುತ್ತಿನ ವೇಳೆಗೆ ಹೇಳಬೇಕೆಂದೂ, ರಾಜನು ಬಿಟ್ಟ ತುತ್ತಿನಷ್ಟನ್ನು ಮುಂದಿನ ಅಡುಗೆಯಲ್ಲಿ ಕಡಮೆ ಮಾಡಬೇಕೆಂದೂ ಅಟ್ಠಕಥೆಯು ವಿವರಿಸುತ್ತದೆ.

ಈ ಕಥೆಯಲ್ಲಿ ಬೋಧಕನು ಬುದ್ಧ. ಸುದರ್ಶನನು ನಿರ್ವಾಹಕನು ಮಾತ್ರ. ಅವನು ವೈದ್ಯನಲ್ಲ, ತತ್ತ್ವಜ್ಞನೂ ಅಲ್ಲ. ಆದರೂ ಪಾಠವನ್ನು ಕೆಡಿಸದೆ, ಹೊತ್ತನ್ನು ತಪ್ಪಿಸದೆ ನುಡಿದುದರಿಂದ ಕಾರ್ಯವು ಸಿದ್ಧಿಸಿತು. ಪರವಾನಗಿಯ ಸಮರ್ಥನೆಯು ಇಷ್ಟರಲ್ಲಿಯೇ ಇದೆ: ಅದು ಪಾಠರಕ್ಷಣೆಯ ಉಪಾಯ. ಆದರೆ ಭೇದವನ್ನೂ ಗಮನಿಸಬೇಕು. ಸುದರ್ಶನನು ವೇತನವನ್ನು ಪಡೆದುದು ದಿನದಿನದ ಸೇವೆಗೆ. ಗಾಥೆಯನ್ನು ನುಡಿಯುವ ಹಕ್ಕಿಗಾಗಿ ಅವನು ಯಾರಿಗೂ ಏನನ್ನೂ ತೆರಲಿಲ್ಲ. ಹಕ್ಕಿಗೆ ಬೆಲೆಯನ್ನು ತೆತ್ತವನು ಆ ಬೆಲೆಯನ್ನು ಶಿಷ್ಯರಿಂದ ಮರಳಿ ಎತ್ತಬೇಕಾಗುತ್ತದೆ. ಆಗ ಕಲಿತು ಹೊರಟುಹೋಗುವ ಶಿಷ್ಯನಿಗಿಂತ ಮತ್ತೆ ಮತ್ತೆ ಬರುವ ಶಿಷ್ಯನು ಇಷ್ಟನಾಗಿ ತೋರುವ ಪ್ರಲೋಭನವುಂಟು.

ಕಾನೂನಿನ ಮಿತಿಯನ್ನೂ ಇಲ್ಲಿ ಹೇಳಬೇಕು. ಗ್ರಂಥಸ್ವಾಮ್ಯವು ನುಡಿಗೆ ಉಂಟೇ ಹೊರತು ಭಾವಕ್ಕಿಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ನಿರ್ಣಯಿಸಿದೆ. ಆದುದರಿಂದ ಪರರ ಹೆಸರನ್ನೂ ವಾಕ್ಯಗಳನ್ನೂ ಬಳಸುವುದಕ್ಕೆ ಅನುಜ್ಞೆಯು ಬೇಕು. ಹಸಿವನ್ನು ವಿಚಾರಿಸಿ ಉಣ್ಣಿರೆಂದು ಕನ್ನಡದ ಸ್ವಂತ ನುಡಿಯಲ್ಲಿ ಹೇಳುವುದಕ್ಕೆ ಬೇಡ. ಪರವಾನಗಿಯು ಪಾಠವನ್ನು ಮೂಲದ ನುಡಿಗೇ ಕಟ್ಟಿಹಾಕುವುದಾದರೆ ಅದನ್ನು ಕೊಳ್ಳುವುದಕ್ಕಿಂತ ಸ್ವತಂತ್ರವಾದ ಕನ್ನಡ ಪಾಠವನ್ನು ರಚಿಸುವುದೇ ಲೇಸು.

(೩) ಶಿಷ್ಯಪರೀಕ್ಷೆ

ಎಲ್ಲರೂ ಎಲ್ಲಕ್ಕೂ ಅಧಿಕಾರಿಗಳಲ್ಲ. ತಡೆಯಲಾರದೆ ಅತಿಯಾಗಿ ತಿನ್ನುವ ಬಾಧೆಯನ್ನು ಅಮೆರಿಕದ ಮನೋವೈದ್ಯರು ೨೦೧೩ರ ತಮ್ಮ ರೋಗವರ್ಗೀಕರಣದಲ್ಲಿ ಪ್ರತ್ಯೇಕ ವ್ಯಾಧಿಯೆಂದು ಗಣಿಸಿದರು. ಅಂಥವರಿಗೂ, ಉಣ್ಣುವುದನ್ನೇ ತೊರೆದು ಕೃಶರಾಗುವವರಿಗೂ ಬೇಕಾದುದು ಚಿಕಿತ್ಸೆ, ಕೂಟವಲ್ಲ. ಬಿಳೇಕಹಳ್ಳಿಯಿಂದ ಬಹುದೂರವಲ್ಲದ ನಿಮ್ಹಾನ್ಸ್ ಮೊದಲಾದ ಸ್ಥಾನಗಳಿಗೆ ಅವರನ್ನು ಕಳುಹಿಸುವ ವಿವೇಕವಿಲ್ಲದವನು ಎಷ್ಟು ಪರವಾನಗಿಗಳನ್ನು ಪಡೆದಿದ್ದರೂ ಆಚಾರ್ಯನಲ್ಲ.

ಉಳಿದವರ ವಿಷಯದಲ್ಲಿ ಪಾಶ್ಚಾತ್ಯ ಪದ್ಧತಿಯ ಒಂದು ಗೃಹೀತವನ್ನು ಬಿಡಿಸಿ ನೋಡಬೇಕು. ಉಣ್ಣುವವನೇ ತನ್ನ ತಟ್ಟೆಗೆ ಒಡೆಯನೆಂದು ಅದು ಭಾವಿಸಿದೆ. ಕನ್ನಡದ ಪಂಕ್ತಿಯಲ್ಲಿ ರಾಶಿಯನ್ನು ನಿಶ್ಚಯಿಸುವವನು ಉಣ್ಣುವವನಲ್ಲ, ಬಡಿಸುವವನು. ‘ಸಾಕು’ ಎಂದು ಎಲೆಗೆ ಕೈ ಅಡ್ಡವಿಟ್ಟ ಮೇಲೂ ಒಂದು ಸೌಟು ಬೀಳದಿದ್ದರೆ ಉಪಚಾರವು ಪೂರ್ಣವಾಗುವುದಿಲ್ಲ. ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅಪಚಾರ. ಇನ್ನು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಳಿತುಕೊಳ್ಳುವ ಗೃಹಿಣಿಗೆ ‘ಹಸಿವಾಗಿದೆಯೆ?’ ಎಂಬ ಪ್ರಶ್ನೆಯು ವ್ಯಂಗ್ಯದಂತೆ ಕೇಳಿಸೀತು. ಅವಳ ಹಸಿವಿನ ಹೊತ್ತು ಎಂದೋ ಕಳೆದಿರುತ್ತದೆ. ಅವಳು ಉಣ್ಣುವುದು ಪಾತ್ರೆಯಲ್ಲಿ ಉಳಿದುದು ಹಾಳಾಗಬಾರದೆಂದು. ಆದುದರಿಂದ ಇಲ್ಲಿ ಕೂಟಕ್ಕೆ ಕರೆಯಬೇಕಾದುದು ಒಬ್ಬ ವ್ಯಕ್ತಿಯನ್ನಲ್ಲ, ಒಂದು ಅಡುಗೆಮನೆಯನ್ನು. ಬಡಿಸುವವನಿಗೆ ಉಪದೇಶವಿಲ್ಲದ ಆಹಾರವಿಧಿಯು ಕನ್ನಡನಾಡಿನಲ್ಲಿ ಅರ್ಧವಿಧಿ.

ಹಸಿದಾಗ ಉಣ್ಣೆಂಬ ನಿಯಮಕ್ಕೂ ಏಕಾದಶಿಯ ಉಪವಾಸಕ್ಕೂ ವಿರೋಧವೆಂದು ಶಂಕಿಸಬೇಕಾಗಿಲ್ಲ. ವ್ರತದ ಪ್ರಯೋಜನವು ಬೇರೆ, ಸ್ವಸ್ಥವೃತ್ತದ ಪ್ರಯೋಜನವು ಬೇರೆ. ಉಪವಾಸವು ವೈದ್ಯರಿಂದ ನಿಷಿದ್ಧವಾದವರ ವಿಷಯವನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. ಪದಗಳ ವಿಷಯದಲ್ಲಿಯೂ ಎಚ್ಚರವು ಅಗತ್ಯ. ಕನ್ನಡದಲ್ಲಿ ‘ಹೊಟ್ಟೆಬಾಕ’, ‘ತಿಂಡಿಪೋತ’ ಎಂಬ ನಿಂದಾಪದಗಳು ಸುಲಭವಾಗಿ ನಾಲಗೆಗೆ ಬರುತ್ತವೆ. ನಾಚಿಕೆಯಿಂದ ತಿನ್ನುವವನನ್ನು ಇನ್ನಷ್ಟು ನಾಚಿಸಿದರೆ ಅವನು ಮರೆಯಲ್ಲಿ ತಿನ್ನುವನೇ ಹೊರತು ಬಿಡುವುದಿಲ್ಲ. ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಿಂದ ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದವರೆಗೆ ಅಡುವುದಕ್ಕೆ ಕನ್ನಡದಲ್ಲಿ ಶಾಸ್ತ್ರವುಂಟು, ಉಣ್ಣುವುದಕ್ಕೆ ಅಂಥ ನಿಂದಾರಹಿತವಾದ ಪರಿಭಾಷೆಯು ಇನ್ನೂ ಆಗಬೇಕಾಗಿದೆ.

(೪) ಫಲವಿಚಾರ

ಕೂಟಗಳಿಂದ ಫಲವುಂಟೆ? ಕ್ರಿಸ್ಟೆಲರ್ ಮತ್ತು ಹ್ಯಾಲೆಟ್ ಎಂಬವರು ೧೯೯೯ರಲ್ಲಿ ೧೮ ಮಂದಿ ಸ್ತ್ರೀಯರಲ್ಲಿ ಧ್ಯಾನಯುಕ್ತವಾದ ಕೂಟವನ್ನು ಪರೀಕ್ಷಿಸಿ, ಅತಿಭಕ್ಷಣದ ಪ್ರಸಂಗಗಳು ಇಳಿದುವೆಂದು ಪ್ರಕಟಿಸಿದರು. ಸಂಖ್ಯೆಯು ಅಲ್ಪ, ಹೋಲಿಕೆಗೆ ಮತ್ತೊಂದು ಗುಂಪೂ ಇರಲಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ ೬೦ ಮತಗಟ್ಟೆ ಪ್ರದೇಶಗಳಲ್ಲಿ, ಮಧುಮೇಹದ ಭಯವಿದ್ದ ೧,೦೦೭ ಮಂದಿಯನ್ನು ಆಯ್ದು ನಡೆಸಿದ ಪರೀಕ್ಷೆಯ ಫಲವು ೨೦೧೮ರಲ್ಲಿ ಪ್ರಕಟವಾಯಿತು. ಅಲ್ಲಿ ಬಹುಪಾಲು ಕೂಟಗಳನ್ನು ನಡೆಸಿದವರು ತರಬೇತಿ ಪಡೆದ ನೆರೆಹೊರೆಯವರೇ. ಎರಡು ವರ್ಷಗಳಲ್ಲಿ ಕೂಟವಿದ್ದ ಕಡೆ ನೂರಕ್ಕೆ ೧೪.೯, ಇಲ್ಲದ ಕಡೆ ೧೭.೧ ಮಂದಿಗೆ ಮಧುಮೇಹವುಂಟಾಯಿತು. ಅಂತರವು ಆಕಸ್ಮಿಕವಲ್ಲವೆಂದು ಸಾಧಿಸುವುದಕ್ಕೆ ಈ ಸಂಖ್ಯೆಗಳು ಸಾಲವು. ಕೂಟಗಳನ್ನು ಸ್ತುತಿಸುವವರು ಇದನ್ನು ಮರೆಮಾಡಬಾರದು. ಆದರೆ ನೆರೆಹೊರೆಯವರು ಕೂಟವನ್ನು ನಡೆಸಬಲ್ಲರೆಂಬುದು ಮಾತ್ರ ಅಲ್ಲಿ ಸ್ಥಿರಪಟ್ಟಿತು.

ಕರ್ನಾಟಕದಲ್ಲಿಯೇ ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ನಡೆದ ಮದ್ಯವರ್ಜನ ಶಿಬಿರಗಳಲ್ಲಿ, ಶಿಬಿರವು ಮುಗಿದ ಬಳಿಕವೂ ‘ನವಜೀವನ ಸಮಿತಿ’ಗಳ ಮೂಲಕ ಜನರನ್ನು ಕೂಡಿಸಿಡುವ ಕ್ರಮವುಂಟು. ಮದ್ಯವನ್ನು ಪೂರ್ತಿಯಾಗಿ ವರ್ಜಿಸಬಹುದು, ಅನ್ನವನ್ನು ವರ್ಜಿಸಲಾಗದು. ಆದುದರಿಂದ ಆ ವಿಧಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಆದರೆ ಸುದರ್ಶನನ ಗಾಥೆಯು ಒಂದು ದಿನಕ್ಕೆ ಮುಗಿಯಲಿಲ್ಲವೆಂಬುದನ್ನು ಅಲ್ಲಿಯವರು ಅರಿತಿದ್ದಾರೆ. ಕೆಲವು ವಾರಗಳ ಪಾಠವನ್ನು ಮಾರಿ, ಪ್ರಮಾಣಪತ್ರವನ್ನು ಕೊಟ್ಟು ಕಳುಹಿಸುವವರು ಅದನ್ನು ಅರಿಯಬೇಕಾಗಿದೆ.

ಒಟ್ಟಿನಲ್ಲಿ, ಹೊಸ ಪದ್ಧತಿಯ ‘ಏಕೆ’ ಎಂಬ ಪ್ರಶ್ನೆಯೂ ನಿಷೇಧರಹಿತವಾದ ನಿಯಮವೂ ಗ್ರಾಹ್ಯ. ಪ್ರಿಯವನ್ನು ಮುಂದಿಡುವ ಶೀರ್ಷಿಕೆಯೂ ಒಂಟಿ ತಟ್ಟೆಯ ಗೃಹೀತವೂ ತ್ಯಾಜ್ಯ. ಪರವಾನಗಿಯು ಪಾಠರಕ್ಷಣೆಯ ಮಟ್ಟಿಗೆ ಸಹ್ಯ, ಅಧಿಕಾರದ ಪ್ರಮಾಣವಾಗಿ ಅಸಹ್ಯ. ಗಾದೆಯು ಊಟ ಬಲ್ಲವನೆಂದು ಕರೆದುದು ಸನ್ನದನ್ನು ಪಡೆದವನನ್ನಲ್ಲ. ಬಡಿಸುವ ಕೈಯನ್ನು ಯಾವಾಗ ತಡೆಯಬೇಕು, ತನ್ನ ಕೈಯನ್ನು ಯಾವಾಗ ತೊಳೆಯಬೇಕು ಎಂಬುದನ್ನು ತಿಳಿದವನೇ ಊಟ ಬಲ್ಲವನು; ಆ ತಿಳಿವನ್ನು ಮತ್ತೊಬ್ಬನಲ್ಲಿ ನೆಲೆಗೊಳಿಸಿ ತಾನು ಹಿಂದೆ ಸರಿಯಬಲ್ಲವನೇ ಅದರ ಆಚಾರ್ಯನು.