ಟಂಕಸಾಲೆಯ ತಪ್ಪೋ, ಬೀದಿಯ ಗಾಯವೋ?

ನೆಲಮಂಗಲದ ಪೇಟೆಯಲ್ಲಿ ಪರಿಚಯದ ಹುಡುಗನೊಬ್ಬ ಒಂದು ಸಂಜೆ ಹತ್ತು ರೂಪಾಯಿಯ ನಾಣ್ಯವನ್ನು ನನ್ನ ಅಂಗೈಗೆ ಹಾಕಿದ. ಹಳದಿ ಹೊರಬಳೆಯ ಮೇಲೆ ನಾಗರಿಯ ‘ಭಾರತ’ ಎಡಕ್ಕೆ, ‘ಇಂಡಿಯಾ’ ಬಲಕ್ಕೆ, ತಮ್ಮ ಜಾಗದಲ್ಲೇ ಇದ್ದವು. ನಡುವಿನ ಬಿಳಿ ಬಿಲ್ಲೆಯ ಸಿಂಹಗಳು ಮಾತ್ರ ಪಕ್ಕಕ್ಕೆ ಮಲಗಿದ್ದವು. “ಸಾರ್, ಇದು ಎರರ್ ಕಾಯಿನ್ ಅಲ್ವಾ? ಇಂಥದ್ದಕ್ಕೆ ಲಕ್ಷ ಕೊಡ್ತಾರಂತೆ” ಎಂದ. ಅಲ್ಲಪ್ಪ ಎಂದೆ. ಯಾಕೆ ಅಲ್ಲ ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು.

ವಿಚಿತ್ರವಾಗಿ ಕಂಡದ್ದನ್ನೆಲ್ಲ ‘ಮಿಂಟ್ ಎರರ್’ ಎಂದು ಕರೆಯುವ ರೂಢಿ ಈಗ ಬಲವಾಗಿ ಬೇರೂರಿದೆ. ಈ ರೂಢಿಯ ದೋಷ ಒಂದೇ: ಅದು ನಾಣ್ಯದ ರೂಪವನ್ನು ನೋಡುತ್ತದೆ, ನಾಣ್ಯ ಹುಟ್ಟುವ ಬಗೆಯನ್ನು ನೋಡುವುದಿಲ್ಲ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಬಿಲ್ಲೆಯ ಅಂಚನ್ನು ಒತ್ತಿ ಎತ್ತರಿಸುತ್ತಾರೆ. ಆಮೇಲೆ ಉಕ್ಕಿನ ಬಳೆಯೊಳಗೆ ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒತ್ತುತ್ತಾರೆ. ಎರಡೂ ಮುಖ ಮೂಡುವುದು ಆ ಒಂದೇ ಏಟಿಗೆ. ಟಂಕಸಾಲೆಯ ತಪ್ಪು ಏನಿದ್ದರೂ ಈ ಹಂತಗಳಲ್ಲೇ ಆಗಿರಬೇಕು. ಇಲ್ಲಿ ಆಗಲಾರದ್ದು ಹೊರಗೆ ಆದದ್ದು.

ಹುಡುಗನ ನಾಣ್ಯವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿ. ಹೊರಬಳೆ, ಒಳಬಿಲ್ಲೆ ಎರಡರ ಮೇಲೂ ಚಿತ್ರ ಮೂಡಿಸುವುದು ಒಂದೇ ಅಚ್ಚು. ಅಚ್ಚು ತಿರುಗಿ ಕೂತಿದ್ದರೆ ಸಿಂಹಗಳ ಜೊತೆ ಅಕ್ಷರಗಳೂ ತಿರುಗಬೇಕಿತ್ತು. ನಡುಬಿಲ್ಲೆ ಮಾತ್ರ ತಿರುಗಿದೆ ಎಂದರೆ ಯಾರೋ ಅದನ್ನು ಬಡಿದು ಕಳಚಿ ಮತ್ತೆ ಕೂರಿಸಿದ್ದಾರೆ. ಮಗುಚಿ ನೋಡಿದರೆ ಹಿಂಬದಿಯಲ್ಲೂ ಬಿಲ್ಲೆ ಅಷ್ಟೇ ಓರೆಯಾಗಿತ್ತು.

ನಿಜವಾಗಿ ಅಚ್ಚು ತಿರುಗಿದ ನಾಣ್ಯಗಳೂ ಇವೆ. ನಮ್ಮ ನಾಣ್ಯವನ್ನು ಮೇಲೆ ಕೆಳಗೆ ಹಿಡಿದು, ಪುಸ್ತಕದ ಪುಟದಂತೆ ಪಕ್ಕಕ್ಕೆ ಮಗುಚಿದರೆ ಹಿಂಬದಿಯೂ ನೆಟ್ಟಗೆ ನಿಲ್ಲಬೇಕು. ಇಡೀ ಹಿಂಬದಿ ವಾಲಿದ್ದರೆ ಅದು ಒಪ್ಪತಕ್ಕ ತಪ್ಪು.

ಗೆರೆಗಳ ವಿಷಯದಲ್ಲೂ ಇದೇ ತರ್ಕ. ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿನೊಳಕ್ಕೆ ಲೋಹ ನುಗ್ಗುತ್ತದೆ; ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ನಾಣ್ಯಕ್ಕೆ ಹೊರಗೆ ಬಿದ್ದ ಗೀರು ತಗ್ಗಾಗಿರುತ್ತದೆ, ಅದರ ಅಕ್ಕಪಕ್ಕ ಲೋಹ ಕಿತ್ತು ಎದ್ದಿರುತ್ತದೆ. ಉಗುರು ಆಡಿಸಿದರೂ ಈ ವ್ಯತ್ಯಾಸ ಸಿಗುತ್ತದೆ.

ಅಂಚು ಕಚ್ಚಿಹೋದಂತೆ ಕಾಣುವ ನಾಣ್ಯಕ್ಕೆ ಹೆಚ್ಚು ಸೂಕ್ಷ್ಮ ಪರೀಕ್ಷೆ ಬೇಕು. ಬಿಲ್ಲೆ ಕತ್ತರಿಸುವಾಗ ಪಕ್ಕದ ತೂತಿನ ಮೇಲೆಯೇ ಏಟು ಬಿದ್ದರೆ ಬಿಲ್ಲೆಯಲ್ಲಿ ಅರ್ಧಚಂದ್ರದಷ್ಟು ಲೋಹ ಇರುವುದಿಲ್ಲ. ಅಂಥ ಬಿಲ್ಲೆಯ ಅಂಚನ್ನು ಎತ್ತರಿಸುವಾಗ ಕೊರತೆ ಇರುವ ಕಡೆ ಒತ್ತಡ ಸಿಗದು. ಆದ್ದರಿಂದ ಅದರ ನೇರ ಎದುರಿನ ಅಂಚೂ ಸಪ್ಪೆಯಾಗಿ ಮೂಡುತ್ತದೆ. ಗ್ರೈಂಡರಿಗೆ ಹಿಡಿದು ಸವೆಸಿದ ನಾಣ್ಯದಲ್ಲಿ ಎದುರಿನ ಅಂಚು ದಿಟ್ಟವಾಗಿಯೇ ಇರುತ್ತದೆ. ಮೋಸಗಾರನ ಗಮನ ತಾನು ಸವೆಸಿದ ಕಡೆಗಷ್ಟೇ ಇರುತ್ತದೆ. ಹಾಗೆಯೇ, ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಾಗ ಮುಂದಿನದರ ಮೇಲೆ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುವುದುಂಟು. ಎರಡು ನಾಣ್ಯಗಳನ್ನು ವೈಸಿನಲ್ಲಿ ಬಿಗಿದು ಇದನ್ನು ಅನುಕರಿಸುತ್ತಾರೆ. ಆಗ ಮೊದಲೇ ಇದ್ದ ಚಿತ್ರ ಚಪ್ಪಟೆಯಾಗಿ ನಜ್ಜಿರುತ್ತದೆ.

ಇವೆಲ್ಲಕ್ಕೂ ಮೊದಲು ತಕ್ಕಡಿ. 2011ರ ಸರಣಿಯ ಹತ್ತು ರೂಪಾಯಿ ನಾಣ್ಯದ ತೂಕ 7.71 ಗ್ರಾಂ, ಅದೇ ಸರಣಿಯ ಒಂದು ರೂಪಾಯಿಯದು 3.79 ಗ್ರಾಂ. ಅಕ್ಷರ ಮಾಸಿದ ನಾಣ್ಯ ಸರಿಯಾದ ತೂಕ ತೂಗಿದರೆ ಅಚ್ಚಿನ ಕುಳಿಯಲ್ಲಿ ಎಣ್ಣೆ ಜಿಡ್ಡು ತುಂಬಿತ್ತೇನೋ ಎಂದು ಯೋಚಿಸಬಹುದು. ತೂಕ ಗಣನೀಯವಾಗಿ ಇಳಿದು, ಮೈ ತರಿತರಿಯಾಗಿದ್ದರೆ ಅರ ಅಥವಾ ಆಸಿಡ್ಡಿನ ಕೆಲಸವೆಂದು ಅನುಮಾನಿಸಬೇಕು. ಚಿನ್ನದ ಅಂಗಡಿಯ ತಕ್ಕಡಿ ಈ ಅನುಮಾನವನ್ನು ಕ್ಷಣದಲ್ಲಿ ಬಗೆಹರಿಸುತ್ತದೆ.

ನೆಲಮಂಗಲದಂಥ ಊರಲ್ಲಿ ನಾಣ್ಯ ಗಾಯಗೊಳ್ಳಲು ನೂರು ದಾರಿಗಳಿವೆ. ತುಮಕೂರು, ಹಾಸನದ ಹೆದ್ದಾರಿಗಳು ಕವಲೊಡೆಯುವುದು ಇಲ್ಲೇ. ಟಾರಿಗೆ ಬಿದ್ದ ನಾಣ್ಯದ ಮೇಲೆ ಲಾರಿ ಚಕ್ರಗಳು ಹಾಯುತ್ತವೆ. ತಾಲ್ಲೂಕಿನ ದಾಬಸ್‌ಪೇಟೆಯ ಕಾರ್ಖಾನೆಗಳಲ್ಲಿ ವೈಸು, ಗ್ರೈಂಡರುಗಳಿಗೆ ಬರವಿಲ್ಲ. ರೈಲು ಹಳಿಯ ಮೇಲೆ ನಾಣ್ಯ ಇಡುವ ಹುಡುಗಾಟ ಎಲ್ಲ ಊರಿನದು. ಹೊಸ್ತಿಲಿಗೆ ಮೊಳೆ ಹೊಡೆದ ನಾಣ್ಯ, ಹುಣಸೆಹಣ್ಣಿನಲ್ಲಿ ಉಜ್ಜಿ ಬೆಳಗಿದ ನಾಣ್ಯ ಮನೆಮನೆಯಲ್ಲೂ ಸಿಗುತ್ತವೆ. ನೂರು ವಿಚಿತ್ರ ನಾಣ್ಯಗಳನ್ನು ನೋಡುವವನು ತೊಂಬತ್ತಕ್ಕಿಂತ ಹೆಚ್ಚಿನವು ಬೀದಿಯ ಗಾಯಗಳೇ ಇರಬಹುದು ಎಂಬ ಎಣಿಕೆಯಿಂದಲೇ ಹೊರಡುವುದು ಒಳ್ಳೆಯದು.

ಇನ್ನು ಕೆಲವು ತಪ್ಪೂ ಅಲ್ಲ, ಗಾಯವೂ ಅಲ್ಲ. ಇಸವಿಯ ಕೆಳಗಿನ ಚುಕ್ಕೆ ನೊಯ್ಡಾ ಟಂಕಸಾಲೆಯ ಗುರುತು, ನಕ್ಷತ್ರ ಹೈದರಾಬಾದಿನದು, ವಜ್ರದ ಆಕಾರ ಮುಂಬಯಿಯದು. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಹತ್ತು ರೂಪಾಯಿಯ 14 ವಿನ್ಯಾಸಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಟಿಪ್ಪುವಿನ ಆನೆ ಕಾಸುಗಳಲ್ಲಿ ಅವನೇ ಬಳಕೆಗೆ ತಂದ ಮೌಲೂದಿ ಶಕೆಯ ಇಸವಿಯ ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ: 1216 ಎಂಬುದು 6121ರಂತೆ ಕಾಣುತ್ತದೆ. ಅದು ಅವನ ಟಂಕಸಾಲೆಯ ನಿಯಮ. ಆ ಕಾಸುಗಳನ್ನು ಕೈಯಿಂದ ಸುತ್ತಿಗೆ ಹೊಡೆದು ಟಂಕಿಸುತ್ತಿದ್ದರು. ಚಿತ್ರ ನಡುವಿನಿಂದ ಸರಿದಿರುವುದು ಅಲ್ಲಿ ಸಾಮಾನ್ಯ. ಯಂತ್ರದ ನಾಣ್ಯದ ಅಳತೆಗೋಲಿನಿಂದ ಅವನ್ನು ‘ಎರರ್’ ಎಂದು ಮಾರುವುದು ಅಜ್ಞಾನ, ತಿಳಿದೂ ಮಾರಿದರೆ ವಂಚನೆ.

ಹಾಗೆಂದು ಗಾಯಗೊಂಡ ನಾಣ್ಯವೆಲ್ಲ ಕಸ ಎನ್ನುವ ಸಂಗ್ರಾಹಕರ ಬಿಗುಮಾನವನ್ನೂ ನಾನು ಒಪ್ಪಲಾರೆ. ನಮ್ಮಲ್ಲಿ ಸಿಕ್ಕ ರೋಮನ್ ನಾಣ್ಯನಿಧಿಗಳಲ್ಲಿ ತಮಿಳುನಾಡಿನ ಪುದುಕ್ಕೋಟೆಯದು ವಿಶೇಷ: 1898ರಲ್ಲಿ ದೊರೆತ ಅಲ್ಲಿನ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೇ ಉಳಿಯ ಕಚ್ಚು ಬಿದ್ದಿದೆ. ಅವು ಮತ್ತೆ ಹಣವಾಗಿ ಓಡಾಡದಿರಲಿ ಎಂದು ಕಚ್ಚು ಹಾಕಿದರೆಂಬುದು ವಿದ್ವಾಂಸರ ಒಂದು ವಿವರಣೆ. ಆ ಗಾಯವೇ ಇತಿಹಾಸದ ದಾಖಲೆ. ಅಜ್ಜಿಯ ಕಾಸಿನ ಸರದಿಂದ ಬಿಡಿಸಿದ ರೂಪಾಯಿಯ ತಲೆಯ ಮೇಲಿನ ಬೆಸುಗೆಯ ಕಲೆಯೂ ಒಂದು ಮನೆತನದ ದಾಖಲೆ. ಗಾಯಕ್ಕೆ ಗಾಯವೆಂಬ ಹೆಸರಿಟ್ಟರೆ ಅದಕ್ಕೂ ಮರ್ಯಾದೆ ಉಂಟು. ತಪ್ಪಿನ ಹೆಸರಿಟ್ಟರೆ ಎರಡಕ್ಕೂ ಅನ್ಯಾಯ.

ಈ ಅನ್ಯಾಯಕ್ಕೆ ಬಲಿಯಾಗುವವರು ಬಡವರು. ತನ್ನ ಹೆಸರು ಹೇಳಿ ಹಳೆಯ ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಎಚ್ಚರಿಕೆಯ ಮಾತು ಸಾಲದು, ನೋಡುವ ಕಣ್ಣೂ ಬೇಕು. ವಿಚಿತ್ರ ನಾಣ್ಯ ಕೈಗೆ ಬಂದಾಗ ಬೆಲೆ ಎಷ್ಟೆಂದು ಕೇಳುವ ಮೊದಲು ತೂಗಿ, ಭೂತಗನ್ನಡಿಯಲ್ಲಿ ಎರಡೂ ಮುಖ ನೋಡಿ, ಇದು ಅಚ್ಚಿನ ಕೆಳಗೆ ಹೇಗೆ ಆಗಿರಬಹುದೆಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ದುಡ್ಡು ಬಿಚ್ಚಬೇಡಿ.